ನೀರುಗಂಟಿಯ ಕೈಗಡಿಯಾರ

ಶಿಷ್ಯ ಕೇಳಿದ: "ಗುರುಗಳೇ, ನಾನು ನಿಮ್ಮ ಬಳಿಗೆ ಬಂದು ಏಳು ವರ್ಷವಾಯಿತು. ಇವತ್ತು ಬೆಳಿಗ್ಗೆಯೂ ನನ್ನನ್ನು ತಿದ್ದಿದಿರಿ. ನಿನ್ನೆಯೂ ತಿದ್ದಿದ್ದಿರಿ. ತಿದ್ದಿಸಿಕೊಳ್ಳಬೇಕಾಗಿಲ್ಲದ ದಿನ ನನಗೆ ಯಾವಾಗ ಬರುತ್ತದೆ?"

ಗುರುಗಳು ಓದುತ್ತಿದ್ದ ಪುಸ್ತಕ ಮುಚ್ಚಿದರು. "ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕೆಂಚಯ್ಯ ಎಂಬ ನೀರುಗಂಟಿ ಇದ್ದ. ಕೆರೆಯ ತೂಬು ಎತ್ತಿ, ಒಬ್ಬೊಬ್ಬರ ಗದ್ದೆಗೂ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಬೇಸಿಗೆ ಬೆಳೆಗೆ ಒಬ್ಬೊಬ್ಬರಿಗೆ ಎರಡು ಗಂಟೆ ನೀರು. ಬೆಳಿಗ್ಗೆ ಆರಕ್ಕೆ ಎತ್ತಿದ ತೂಬನ್ನು ಸಂಜೆ ಆರಕ್ಕೆ ಇಳಿಸುತ್ತಿದ್ದ. ದಿನಕ್ಕೆ ಆರು ಸರದಿ.

ಮೊದಲು ಅವನು ಏರಿಯ ಮೇಲೆ ಕೋಲು ನೆಟ್ಟು, ನೆರಳು ನೋಡಿ ಹೊತ್ತು ಹೇಳುತ್ತಿದ್ದ. ಮೋಡ ಕವಿದ ದಿನ ಜಗಳವಾಗುತ್ತಿತ್ತು. ಸೈನ್ಯದಿಂದ ನಿವೃತ್ತರಾಗಿ ಬಂದ ಸುಬೇದಾರರೊಬ್ಬರು ಆ ಊರಿನಲ್ಲಿದ್ದರು. ಅವರು ಜಗಳ ನೋಡಿ ನೋಡಿ ಬೇಸತ್ತು, ಒಂದು ದಿನ ತಮ್ಮ ಕೈಗಡಿಯಾರವನ್ನೇ ಬಿಚ್ಚಿ ಕೆಂಚಯ್ಯನ ಕೈಗೆ ಕಟ್ಟಿದರು.

ಅದು ಆಟೋಮ್ಯಾಟಿಕ್ ಗಡಿಯಾರ. ಕೈ ಆಡಿದ ಹಾಗೆಲ್ಲ ಅದರೊಳಗಿನ ಒಂದು ಬಿಲ್ಲೆ ತಿರುಗಿ, ಕೀಲಿ ತಾನಾಗಿ ಬಿಗಿದುಕೊಳ್ಳುತ್ತದೆ.

ಸುಬೇದಾರರು ಹೇಳಿದರು: "ಕೆಲಸ ಮಾಡುವಾಗ ಕಟ್ಟಿಕೊಂಡಿರು. ಬಿಚ್ಚಿದರೆ ಮುಖ ಮೇಲೆ ಮಾಡಿ ಇಡು. ಎಷ್ಟೇ ಒಳ್ಳೆಯ ಗಡಿಯಾರವಾದರೂ ದಿನಕ್ಕೆ ಅರ್ಧ ನಿಮಿಷ ಅತ್ತ ಇತ್ತ ಆಗುತ್ತದೆ. ಅದಕ್ಕೆ ಅದರ ಮೇಲೆ ಸಿಟ್ಟಾಗಬೇಡ. ದಿನಾ ಸರಿಮಾಡು."

ಮೂರು ಮೈಲಿ ಆಚೆ ಒಂದು ಸಕ್ಕರೆ ಕಾರ್ಖಾನೆ ಇತ್ತು. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಸೈರನ್ ಕೂಗುತ್ತಿತ್ತು. ಕೂಗು ಏರಿಯವರೆಗೆ ಬರುವುದಕ್ಕೆ ಹದಿನಾಲ್ಕು ಸೆಕೆಂಡು ಹಿಡಿಯುತ್ತದೆ ಎಂದು ಸುಬೇದಾರರು ಲೆಕ್ಕ ಮಾಡಿ ಹೇಳಿದ್ದರು. ಕೆಂಚಯ್ಯ ಹನ್ನೆರಡಕ್ಕೆ ಮೊದಲೇ ಏರಿಯ ಮೇಲೆ ನಿಂತು, ಗಡಿಯಾರದ ತಿರುಪನ್ನು ಹೊರಗೆಳೆದು, ಸೆಕೆಂಡಿನ ಮುಳ್ಳನ್ನು ಹದಿನಾಲ್ಕರ ಮೇಲೆ ನಿಲ್ಲಿಸಿಕೊಂಡು ಕಾಯುತ್ತಿದ್ದ. ಕೂಗು ಕೇಳಿದ ಕೂಡಲೇ ತಿರುಪನ್ನು ಒತ್ತುತ್ತಿದ್ದ. ಆಮೇಲೆ ಕಾರ್ಖಾನೆಯ ದಿಕ್ಕಿಗೆ ತಿರುಗಿ ಒಂದು ಸಲ ಕೈಮುಗಿಯುತ್ತಿದ್ದ.

ಹೀಗೆ ಹದಿನಾಲ್ಕು ವರ್ಷ ನಡೆಯಿತು.

ಊರಿನಲ್ಲಿ ಮರಿಗೌಡ ಎಂಬ ದೊಡ್ಡ ಹಿಡುವಳಿದಾರ ಇದ್ದ. ಅವನಿಗೆ ಈ ಮುಳ್ಳು ತಿರುಗಿಸುವ ಕೆಲಸದ ಮೇಲೆ ಅನುಮಾನ. "ಗಡಿಯಾರ ಸರಿಯಾಗಿದ್ದರೆ ದಿನಾ ಯಾಕೆ ತಿರುಗಿಸಬೇಕು? ತಿರುಗಿಸಿದ ನಿಮಿಷ ಯಾರ ಗದ್ದೆಗೆ ಹೋಗುತ್ತದೆ?" ಎಂದು ಜಗಲಿಯ ಮೇಲೆ ಕೂತು ಹೇಳುತ್ತಿದ್ದ. ಕೈಮುಗಿಯುವುದು ನಾಟಕ ಎಂದೂ ಹೇಳುತ್ತಿದ್ದ. ಮಾತು ಕೆಂಚಯ್ಯನ ಕಿವಿಗೂ ಬೀಳುತ್ತಿತ್ತು. ಅವನು ತಿರುಪು ಒತ್ತುವುದನ್ನೂ ಕೈಮುಗಿಯುವುದನ್ನೂ ಬಿಡಲಿಲ್ಲ.

ಒಂದು ಬೇಸಿಗೆಯಲ್ಲಿ ಕೆಂಚಯ್ಯ ತೂಬಿನ ಕಟ್ಟೆಯಿಂದ ಜಾರಿ ಬಿದ್ದ. ಸೊಂಟದ ಮೂಳೆ ಬಿರುಕು ಬಿಟ್ಟಿತು. ಎರಡು ತಿಂಗಳು ಮಲಗಿದಲ್ಲಿಂದ ಅಲುಗಾಡಬಾರದು ಎಂದು ಡಾಕ್ಟರು ಹೇಳಿದರು. ಎರಡನೆಯ ದಿನ ಅವನ ಕೈಯಲ್ಲಿದ್ದ ಗಡಿಯಾರ ನಿಂತುಹೋಯಿತು.

ನೋಡಲು ಬಂದವರಿಗೆ ಆಶ್ಚರ್ಯ. "ಕೀಲಿ ಬೇಡದ ಗಡಿಯಾರ ಹೇಗೆ ನಿಂತಿತು?"

"ನನ್ನ ಕೈ ನಿಂತಿತಲ್ಲ" ಎಂದ ಕೆಂಚಯ್ಯ.

ಬೆಳೆ ಕಾಳು ಕಟ್ಟುವ ಸಮಯ. ನೀರು ನಿಲ್ಲುವಂತಿಲ್ಲ. ತೂಬನ್ನೂ ಗಡಿಯಾರವನ್ನೂ ಯಾರಿಗೆ ಒಪ್ಪಿಸುವುದು ಎಂದು ಹಿರಿಯರು ಕೇಳಿದರು. ಕೆಂಚಯ್ಯ ಗಡಿಯಾರ ಬಿಚ್ಚುತ್ತ, "ಮರಿಗೌಡರಿಗೆ ಕೊಡಿ" ಎಂದ.

"ನಿನ್ನ ಮೇಲೆ ಅಷ್ಟು ಮಾತಾಡಿದವರಿಗಾ?"

"ಅನುಮಾನ ಇರೋರು ಕಣ್ಣು ಬಿಟ್ಟುಕೊಂಡು ಇರ್ತಾರೆ. ಅವರೇ ಸರಿ."

ಮರಿಗೌಡನಿಗೆ ಹಿಗ್ಗಾಯಿತು. ಇನ್ನು ಮೇಲೆ ನ್ಯಾಯ ಎಂದರೆ ಏನೆಂದು ಊರಿಗೆ ತೋರಿಸುತ್ತೇನೆ ಎಂದುಕೊಂಡ. ಗಡಿಯಾರ ಕಟ್ಟಿಕೊಂಡು ಏರಿಯ ಮೇಲೆ ಕುರ್ಚಿ ಹಾಕಿಸಿ ಕೂತ. ತೂಬು ಎತ್ತಲು ಆಳುಗಳಿದ್ದರು. ನಾಲ್ಕನೆಯ ದಿನದ ಹೊತ್ತಿಗೆ ಗಡಿಯಾರ ಹಿಂದೆ ಬೀಳತೊಡಗಿತು. ಹೋಗಿ ಕೇಳಿದರೆ ಕೆಂಚಯ್ಯ ನಕ್ಕ. "ಗೌಡ್ರೇ, ಅದು ನಿಮ್ಮ ಕೈಯಿಂದ ಊಟ ಮಾಡುತ್ತೆ. ಕೂತರೆ ಅದಕ್ಕೆ ಉಪವಾಸ."

ಮರಿಗೌಡ ಕುರ್ಚಿ ಬಿಟ್ಟು ಸನಿಕೆ ಹಿಡಿದ. ಎಷ್ಟೋ ವರ್ಷಗಳ ಮೇಲೆ ತಾನೇ ಕಾಲುವೆಗೆ ಇಳಿದು, ಗದ್ದೆಗೆ ನೀರು ಹಾಯುವ ಮಡೆ ತಿರುಗಿಸಿದ. ಅಂಗೈ ಬೊಬ್ಬೆ ಎದ್ದಿತು. ಗಡಿಯಾರ ಸರಿಯಾಯಿತು. ಹನ್ನೆರಡರ ಕೂಗಿಗೆ ಮುಳ್ಳು ಕೂಡಿಸುವುದನ್ನೂ ಕಲಿತ. ಕೈಮುಗಿಯುವುದನ್ನು ಮಾತ್ರ ಮಾಡಲಿಲ್ಲ.

ಅವನ ಮನೆಯಲ್ಲಿ ಭಜನೆ ಮಂಡಳಿಯ ಧ್ವನಿವರ್ಧಕ ಇತ್ತು. ಅದನ್ನು ಗೋಡೆಯ ಎತ್ತರದ ಹಲಗೆಯ ಮೇಲೆ ಮಗುಚಿ ಇಟ್ಟಿದ್ದರು. ಮೊಮ್ಮಕ್ಕಳ ಕೈಗೆ ಸಿಗಬಾರದು ಎಂದು ಮರಿಗೌಡ ಒಂದು ದಿನ ಹತ್ತರ ಸರದಿಗೆ ನೀರು ಬಿಟ್ಟು ತಿಂಡಿಗೆ ಬಂದಾಗ ಗಡಿಯಾರ ಬಿಚ್ಚಿ, ಆ ಧ್ವನಿವರ್ಧಕದ ಬೆನ್ನಿನ ಮೇಲೆ, ಮುಖ ಮೇಲೆ ಮಾಡಿ ಇಟ್ಟ. ತಿಂಡಿ ಮುಗಿಸಿ ಮತ್ತೆ ಕಟ್ಟಿಕೊಂಡು ತೂಬಿಗೆ ಹೋದ.

ಆ ದಿನ ಹತ್ತರಿಂದ ಹನ್ನೆರಡರ ಸರದಿ ಸಣ್ಣಮ್ಮ ಎಂಬ ಹೆಂಗಸಿನದು. ಅವಳಿಗಿದ್ದದ್ದು ಅರ್ಧ ಎಕರೆ, ಅದೂ ಕಾಲುವೆಯ ಕೊನೆಯಲ್ಲಿ. ಹನ್ನೆರಡರ ನಂತರದ ಸರದಿ ಮರಿಗೌಡನದೇ. ಗಡಿಯಾರ ಹನ್ನೆರಡು ತೋರಿಸಿತು. ಕೂಗು ಕೇಳಲಿಲ್ಲ. ಗಾಳಿ ಅತ್ತ ಬೀಸುತ್ತಿರಬೇಕು ಎಂದುಕೊಂಡು ಮರಿಗೌಡ ಮಡೆ ಮುರಿದು ನೀರನ್ನು ತನ್ನ ಗದ್ದೆಗೆ ತಿರುಗಿಸಿದ. ಇಪ್ಪತ್ತು ನಿಮಿಷ ಕಳೆದ ಮೇಲೆ ಕಾರ್ಖಾನೆ ಕೂಗಿತು.

ಬದುವಿನ ಮೇಲೆ ಇದ್ದವರೆಲ್ಲ ಅವನ ಕಡೆ ನೋಡಿದರು. ಮರಿಗೌಡ ಮುಳ್ಳನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ತಿರುಗಿಸಿದ. ತನ್ನ ಗದ್ದೆಗೆ ಹೋಗಿದ್ದ ನೀರನ್ನು ಹಿಂದಕ್ಕೆ ತಿರುಗಿಸಲು ಆಗಲಿಲ್ಲ.

ಸಣ್ಣಮ್ಮ ಜಗಳ ಮಾಡಲಿಲ್ಲ. ಒಣಗಿದ ಮೂಲೆಯನ್ನು ತೋರಿಸಿ, "ಗೌಡ್ರೇ, ಇಷ್ಟು ಉಳೀತು" ಎಂದಳು. ಹಿಂದೆ ಯಾರೋ ಒಬ್ಬರು, "ತಿರುಗಿಸಿದ ನಿಮಿಷ ಯಾರ ಗದ್ದೆಗೆ ಹೋಯ್ತು ಅಂತ ಈಗ ಗೊತ್ತಾಯ್ತಲ್ಲ" ಎಂದರು.

ಮರಿಗೌಡ ಕದ್ದಿರಲಿಲ್ಲ. ಆದರೆ ಕದ್ದಿಲ್ಲ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅದೇ ಕಳ್ಳತನವನ್ನು ಹದಿನಾಲ್ಕು ವರ್ಷ ಇನ್ನೊಬ್ಬನ ಮೇಲೆ ಹೊರಿಸಿದ್ದವನು ಅವನು. ಕೂಡಲೇ ತನ್ನ ಮಡೆ ಕಟ್ಟಿ, ತನ್ನ ಸರದಿಯ ಎರಡು ಗಂಟೆಯಲ್ಲಿ ಒಂದು ಗಂಟೆಯನ್ನು ಸಣ್ಣಮ್ಮನ ಗದ್ದೆಗೆ ಬಿಟ್ಟ. ಸಂಜೆ ತೂಬು ಇಳಿಸಿ ನೇರವಾಗಿ ಕೆಂಚಯ್ಯನ ಮನೆಗೆ ಹೋಗಿ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತ.

"ಕೆಂಚಯ್ಯ, ಇವತ್ತು ನನ್ನನ್ನು ಕಳ್ಳ ಅಂದರು."

ಕೆಂಚಯ್ಯ ಅವನ ಕಡೆ ಮುಖ ತಿರುಗಿಸಿದ. "ನೋವಾಯ್ತಾ?" ಎಂದು ಕೇಳಿದ.

"ಆಯ್ತು."

"ಎರಡು ದಿನ ಇರುತ್ತೆ. ಆಮೇಲೆ ಕೆಲಸ ಮಾಡ್ತಾ ಮಾಡ್ತಾ ಕಮ್ಮಿ ಆಗುತ್ತೆ. ಗಡಿಯಾರ ಪೇಟೆಗೆ ತೋರಿಸಿ."

ಮರಿಗೌಡ ಮರುದಿನ ಪೇಟೆಗೆ ಹೋದ. ರಿಪೇರಿಯವನು ಒಂದು ದಿಕ್ಸೂಚಿಯನ್ನು ಗಡಿಯಾರದ ಹತ್ತಿರ ತಂದ. ದಿಕ್ಸೂಚಿಯ ಮುಳ್ಳು ಥಟ್ಟನೆ ತಿರುಗಿತು. "ಇದನ್ನು ಯಾವುದೋ ಅಯಸ್ಕಾಂತದ ಮೇಲೆ ಇಟ್ಟಿದ್ದೀರಿ. ಒಳಗಿನ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ಬೇಗ ಓಡುತ್ತಿದೆ" ಎಂದ. ಧ್ವನಿವರ್ಧಕದ ಬೆನ್ನಿನಲ್ಲಿ ದೊಡ್ಡ ಅಯಸ್ಕಾಂತ ಇರುತ್ತದೆ ಎಂದು ಆಗ ಮರಿಗೌಡನಿಗೆ ತಿಳಿಯಿತು. ರಿಪೇರಿಯವನು ಗಡಿಯಾರವನ್ನು ಕರೆಂಟು ಹರಿಯುವ ಒಂದು ತಂತಿಯ ಸುರುಳಿಯೊಳಗೆ ತೂರಿಸಿ ನಿಧಾನವಾಗಿ ಹೊರಗೆಳೆದ. ಅಷ್ಟಕ್ಕೆ ಅದು ಸರಿಹೋಯಿತು.

ಊರಿಗೆ ಬಂದು ಮರಿಗೌಡ ಎಲ್ಲರೆದುರು ನಡೆದದ್ದನ್ನು ಹೇಳಿದ. ಹದಿನಾಲ್ಕು ವರ್ಷ ತಾನು ಆಡಿದ ಮಾತು ಸುಳ್ಳು ಎಂದೂ ಹೇಳಿದ. ಮರುದಿನ ಹನ್ನೆರಡಕ್ಕೆ ಏರಿಯ ಮೇಲೆ ನಿಂತಿದ್ದಾಗ ಕೂಗು ಕೇಳಿತು. ಮುಳ್ಳಿಗೂ ಕೂಗಿಗೂ ಅರ್ಧ ನಿಮಿಷದ ಅಂತರ. ಅವನು ತಿರುಪು ಒತ್ತಿದ. ಕೈ ತಾನಾಗಿ ಮುಗಿಯಿತು.

ಎರಡು ತಿಂಗಳಿಗೆ ಕೆಂಚಯ್ಯ ಕೋಲು ಹಿಡಿದು ಎದ್ದ. ಮರಿಗೌಡ ಗಡಿಯಾರವನ್ನು ಮತ್ತೆ ಅವನ ಕೈಗೆ ಕಟ್ಟಿದ. ಬೆಳೆ ಕೈಗೆ ಬಂತು. ಸಣ್ಣಮ್ಮನ ಒಣಗಿದ ಮೂಲೆಯೂ ಹಾಗೂ ಹೀಗೂ ತೆನೆ ಕಟ್ಟಿತು. ಒಕ್ಕಣೆ ಮುಗಿದ ಮೇಲೆ ಮರಿಗೌಡ ಕೆಂಚಯ್ಯನನ್ನು ಗಾಡಿಯಲ್ಲಿ ಕೂರಿಸಿಕೊಂಡ. ಒಂದು ಚೀಲ ಹೊಸ ಅಕ್ಕಿ ಹಾಕಿಕೊಂಡ. ಇಬ್ಬರೂ ಸಕ್ಕರೆ ಕಾರ್ಖಾನೆಗೆ ಹೋದರು.

ಸೈರನ್ ಹಾಕುವವರು ಯಾರು ಎಂದು ಕೇಳಿದಾಗ, ಬಾಯ್ಲರಿನ ಮನೆಯಿಂದ ಮಸ್ತಾನ್ ಸಾಬ್ ಎಂಬ ಮುದುಕರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರ ಮುಖದಲ್ಲಿ ಗಾಬರಿ. "ಯಾಕಪ್ಪ? ತಡವಾಯ್ತಾ?" ಎಂದರು.

"ಇಲ್ಲ ಸಾಬರೇ. ಸರಿಯಾಗಿತ್ತು. ಅದನ್ನೇ ಹೇಳೋಕೆ ಬಂದಿದ್ದೀವಿ" ಎಂದ ಕೆಂಚಯ್ಯ.

ಮಸ್ತಾನ್ ಸಾಬರಿಗೆ ಅರ್ಥವಾಗಲಿಲ್ಲ. ಕೆಂಚಯ್ಯ ಎಲ್ಲವನ್ನೂ ಹೇಳಿದ. ಕೆರೆ, ತೂಬು, ಎರಡೆರಡು ಗಂಟೆಯ ನೀರು, ದಿನವೂ ಹನ್ನೆರಡಕ್ಕೆ ಸರಿಮಾಡುವ ಗಡಿಯಾರ. ಮುದುಕರು ಅಕ್ಕಿಯ ಚೀಲದ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ಇಪ್ಪತ್ತೆರಡು ವರ್ಷ ಆಯ್ತು ಈ ಹಿಡಿ ಎಳೆಯೋಕೆ ಶುರುಮಾಡಿ. ತಡವಾದಾಗ ಜನ ಬಂದಿದ್ದಾರೆ. ಸರಿಯಾಗಿತ್ತು ಅಂತ ಯಾರೂ ಬಂದಿರಲಿಲ್ಲ" ಎಂದರು. ಆಮೇಲೆ ಗೋಡೆಯ ಗಡಿಯಾರದ ಕಡೆ ಕೈ ತೋರಿಸಿದರು. "ನಾನು ಅದನ್ನು ನೋಡಿ ಎಳೀತೀನಿ. ಅದೂ ಕೆಡುತ್ತೆ. ಆಫೀಸಿನ ಗುಮಾಸ್ತರು ದಿನಾ ಬೆಳಿಗ್ಗೆ ರೇಡಿಯೊ ಕೇಳಿ ಬಂದು ಸರಿಮಾಡಿಕೊಡ್ತಾರೆ. ನನ್ನದೇನಿಲ್ಲ."

"ಹಾಗಾದರೆ ಅವರಿಗೂ ಸ್ವಲ್ಪ ಅಕ್ಕಿ ಕೊಡಿ" ಎಂದ ಮರಿಗೌಡ.

ಅಷ್ಟರಲ್ಲಿ ಹನ್ನೆರಡು ಹತ್ತಿರವಾಯಿತು. ಇವತ್ತು ನೀನೇ ಎಳೆ ಎಂದು ಮಸ್ತಾನ್ ಸಾಬರು ಕೆಂಚಯ್ಯನನ್ನು ಕರೆದರು. ಕೆಂಚಯ್ಯ ಒಪ್ಪಲಿಲ್ಲ. "ನಾನು ಗಡಿಯಾರ ಸರಿಮಾಡಬೇಕು. ಗೌಡರು ಎಳೀಲಿ" ಎಂದ. ಮರಿಗೌಡ ಎರಡೂ ಕೈಯಲ್ಲಿ ಹಿಡಿ ಎಳೆದ. ಕಾರ್ಖಾನೆ ಕೂಗಿತು. ಆ ದಿನದ ಕೂಗು ಸ್ವಲ್ಪ ಉದ್ದವಾಯಿತು. ಮುದುಕರು ಬೇಡ ಎನ್ನಲಿಲ್ಲ. ಕೆಂಚಯ್ಯ ಅಂಗಳದಲ್ಲಿ ನಿಂತು ತಿರುಪು ಒತ್ತಿ, ಮೊದಲ ಸಲ ಆ ಮನುಷ್ಯನ ಮುಖ ನೋಡಿ ಕೈಮುಗಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಲೆದೂಗಿದ. ಆದರೂ ಅವನ ಮನಸ್ಸು ಪೂರ್ತಿ ಒಪ್ಪಿರಲಿಲ್ಲ.

"ಅವರೆಲ್ಲರನ್ನೂ ತಿದ್ದುವವರು ಇದ್ದರು, ನಿಜ" ಎಂದ. "ಆದರೆ ಗುರುಗಳೇ, ನಿಮ್ಮನ್ನು ಯಾರೂ ತಿದ್ದುವುದಿಲ್ಲವಲ್ಲ. ನಾನು ಕೇಳಿದ್ದು ಆ ಸ್ಥಿತಿಯನ್ನು. ಅದು ನಿಮಗೆ ಹೇಗೆ ಬಂತು?"

ಗುರುಗಳು ಅವನ ಮುಖವನ್ನೇ ನೋಡಿದರು.

"ನನ್ನನ್ನು ತಿದ್ದುತ್ತಿದ್ದವರು ತೀರಿಕೊಂಡು ಹನ್ನೊಂದು ವರ್ಷವಾಯಿತು, ಮಗು. ಅಂದಿನಿಂದ ನನಗೆ ಹನ್ನೆರಡರ ಕೂಗು ಕೇಳಿಸಿಲ್ಲ."