ಗಡಿಗೆಗೆ ಬೇಕಾದಷ್ಟು ಬಿಸಿ

ಹೊಳೆಯ ದಂಡೆಯ ಮಠವೊಂದರಲ್ಲಿ ಚನ್ನವೀರಜ್ಜ ಎಂಬ ಗುರುಗಳು ಔಷಧಿ ಕೊಡುತ್ತಿದ್ದರು. ಶಿಷ್ಯ ಬಸಲಿಂಗನಿಗೆ ಕರುಣೆ ಬಹಳ, ತಾಳ್ಮೆ ಕಡಿಮೆ. ಬೇಯುವ ತನಕವೂ ತಾಳದವನು, ಆರುವ ತನಕ ತಾಳಿಯಾನೆ?

ಒಂದು ಚಳಿಗಾಲ ಬಣ್ಣಗಾರರ ಓಣಿಯ ಶಿವಗಂಗವ್ವ ಬಂದಳು. ನೂಲಿನ ಬಣ್ಣಕ್ಕೆ ಬೆರೆಸುವ ಸುಣ್ಣದ ನೀರಿನಲ್ಲಿ ಕೈಯಾಡಿಸಿ ಅವಳ ಅಂಗೈಯ ಚರ್ಮ ತೆಳ್ಳಗಾಗಿ ಒಡೆದಿತ್ತು. ಯಾವ ಎಣ್ಣೆ ಹಚ್ಚಿದರೂ ಉರಿ.

"ಮೂರು ತಿಂಗಳ ಕೂಸೈತ್ರಿ ಅಜ್ಜಾರ. ಎತ್ತಿಕೊಂಡ್ರ ನನ್ನ ಕೈ ಉರೀತಾವು, ಕೂಸಿಗೂ ತರಚತೈತಿ. ನಮ್ಮತ್ತಿ ಎತ್ಕೋತಾರ, ನಾ ನೋಡ್ಕೋತ ಕುಂದರ್ತೀನಿ."

ಗುರುಗಳು ಮೊಳಕೆ ಬರಿಸಿದ ಎಳ್ಳನ್ನು ಅರೆಸಿ, ಎಣ್ಣೆಗೂ ತುಸು ನೀರಿಗೂ ಸೇರಿಸಿ ಗಡಿಗೆಗೆ ಹಾಕಿದರು. ಮೊಳಕೆಯೊಳಗಿನ ಸತ್ವ ಆ ಎಣ್ಣೆಯನ್ನು ಒಳಗೊಳಗೇ ಬದಲಿಸಿ, ನೊಂದ ಚರ್ಮವೂ ಒಪ್ಪುವಂತೆ ಮಾಡುತ್ತದೆ. ಈಗಿನವರು ಅಂಥ ಸತ್ವಕ್ಕೆ ಕಿಣ್ವ ಎನ್ನುತ್ತಾರೆ. ಆಗ ಹೆಸರಿರಲಿಲ್ಲ, ಕೆಲಸ ಮಾತ್ರ ನಡೆಯುತ್ತಿತ್ತು.

"ಏಳು ದಿನ ಬೆಚ್ಚಗಿಡು" ಎಂದು ಬಸಲಿಂಗನಿಗೆ ಹೇಳಿದರು.

"ಎಷ್ಟು ಬೆಚ್ಚಗ್ರಿ?"

ಗುರುಗಳು ಆಗಲೇ ಎದ್ದು ಹೋಗಿದ್ದರು.

ಮೂರನೆಯ ದಿನ ಶಿವಗಂಗವ್ವ ಮತ್ತೆ ಬಂದಳು. ಕೈಮುಗಿಯಲು ಹೋದಳು, ಅಂಗೈ ಕೂಡಿಸಲು ಆಗಲಿಲ್ಲ.

"ಎಣ್ಣಿ ಆಗೇತೇನ್ರಿ?"

"ಇನ್ನೂ ನಾಕು ದಿನ ಬೇಕವ್ವಾ" ಎಂದ ಬಸಲಿಂಗ. ಅವಳು ಅತ್ತ ಹೋದದ್ದೇ ತಡ, ಬೇಗ ಆಗಲಿ ಎಂದು ಗಡಿಗೆಯನ್ನು ಒಲೆಯ ಮೇಲಿಟ್ಟು ಕುದಿಸಿಬಿಟ್ಟ.

ಏಳನೆಯ ದಿನ ಅವಳು ಎಣ್ಣೆ ಹಚ್ಚಿಕೊಂಡಳು. ಉರಿಗೆ ಕಣ್ಣು ಮುಚ್ಚಿಕೊಂಡಳು.

ಗುರುಗಳು ಶಿಷ್ಯನನ್ನು ಒಳಗೆ ಕರೆದರು. "ಕುದಿಸಿದೇನು?"

"ಹೂಂರಿ. ಲಗೂ ಆಗಲಿ ಅಂತ."

ಗುರುಗಳು ಬೈಯಲಿಲ್ಲ. "ಒಲಿ ಮ್ಯಾಲೆ ಹಾಲು ಕುದಿಯಾಕ್ಹತ್ತೇತಿ. ಹೋಗಿ ಹೆಪ್ಪು ಹಾಕಿ ಬಾ."

"ಕುದಿಯೋ ಹಾಲಿಗೇನ್ರಿ? ಹೆಪ್ಪು ಸತ್ತ ಹೋಕ್ಕೈತಿ, ಮೊಸರ ಎಲ್ಲಿ..."

ಗಡಿಗೆಯೊಳಗಿನ ಸತ್ವವೂ ಕುದಿದು ಹೀಗೇ ಸತ್ತಿತ್ತು. ಬಸಲಿಂಗ ತಲೆ ತಗ್ಗಿಸಿದ.

"ಆಕಿಗೆ ಯಾರು ಹೇಳಬೇಕು?" ಎಂದರು ಗುರುಗಳು.

ಅವನೇ ಹೊರಗೆ ಬಂದು ಅವಳಿಗೆ ಹೇಳಿದ. "ಅವ್ವಾ, ಕೆಡಿಸಿದಾಂವ ನಾನು. ಇನ್ನೂ ಏಳು ದಿನ ಬೇಕು."

ಶಿವಗಂಗವ್ವ ಅಂಗೈಯ ಎಣ್ಣೆಯನ್ನು ಸೆರಗಿನಿಂದ ಮೆಲ್ಲಗೆ ಒತ್ತಿ ತೆಗೆದಳು. ಆಮೇಲೆ, "ಏಳು ದಿನಕ್ಕ ಕೂಸು ಮತ್ತೊಂದಿಷ್ಟು ಬೆಳೀತೈತಿ" ಎಂದು ಹೊರಟುಹೋದಳು.

ಆ ಮಾತು ಬಸಲಿಂಗನನ್ನು ಬಿಡಲಿಲ್ಲ. ಹೊಸ ಗಡಿಗೆ ತುಂಬಿದ. ಒಲೆಯ ಹತ್ತಿರ ಇಟ್ಟರೆ ಕಾದೀತೆಂಬ ಭಯ, ದೂರ ಇಟ್ಟರೆ ಆರೀತೆಂಬ ಭಯ. ಕಡೆಗೆ ತೊಡೆಯ ಮೇಲಿಟ್ಟುಕೊಂಡು ಕಂಬಳಿ ಹೊದ್ದು ಕೂತುಬಿಟ್ಟ. ಏಳು ದಿನ ಊಟ, ಜಪ, ನಿದ್ದೆ ಎಲ್ಲವೂ ಗೋಡೆಗೆ ಒರಗಿಕೊಂಡೇ.

ಆ ಎಣ್ಣೆ ಹಚ್ಚಿದಾಗ ಶಿವಗಂಗವ್ವನ ಕೈ ಉರಿಯಲಿಲ್ಲ.

ತಿಂಗಳು ಕಳೆದ ಮೇಲೆ ಶಿವಗಂಗವ್ವ ಕೂಸನ್ನು ತಾನೇ ಎತ್ತಿಕೊಂಡು ಮಠಕ್ಕೆ ಬಂದಳು. ನೋಡಿ ಬಸಲಿಂಗನ ಕಣ್ಣು ತುಂಬಿದವು.

"ಅಜ್ಜಾರ," ಎಂದ, "ಮುಂದ ಯಾರಿಗೂ ಹಿಂಗ ಆಗಬಾರದು. ಗಡಿಗಿಗೆ ಎಷ್ಟು ಬಿಸಿ ಬೇಕು, ಅಳತಿ ಹೇಳ್ರಿ."

ಗುರುಗಳು ತಾಯಿಯ ಕೈಯಿಂದ ಕೂಸನ್ನು ಇಸಿದುಕೊಂಡು ಶಿಷ್ಯನ ತೊಡೆಯ ಮೇಲೆ ಮಲಗಿಸಿದರು. ಅದು ಒಂದಿಷ್ಟು ಕೈಕಾಲು ಬಡಿಯಿತು, ಆಮೇಲೆ ಅವನ ಹೊಟ್ಟೆಗೆ ಒತ್ತಿಕೊಂಡು ಸುಮ್ಮನಾಯಿತು.

"ಇಷ್ಟು" ಎಂದರು ಗುರುಗಳು.