ಹೋರಿ ಕಟ್ಟಿದವನ ಶಾಲು

“ಬುದ್ಧೀ, ಯುದ್ಧ ನಿಲ್ಲಿಸಿದ ನಾಯಕನಿಗೆ ಶಾಂತಿಯ ಪದಕ ಸಲ್ಲುತ್ತದೆಯೇ?”

ಕೇಳಿದವನು ಮುರಿಗೆಯ್ಯ. ಮಠದ ಕಾಗದಪತ್ರ ಬರೆಯುವ ಶಿಷ್ಯ. ಗುರು ಜಗಲಿಯ ಮೇಲೆ ಕೂತು ಹರಿದ ಜೋಳಿಗೆ ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಯಾವ ನಾಯಕ?”

“ಹೊರದೇಶದವನು, ಬುದ್ಧೀ. ನಾಲ್ಕು ವರ್ಷ ನೆರೆದೇಶದ ಮೇಲೆ ಯುದ್ಧ ಮಾಡಿದ. ಈಗ ನಿಲ್ಲಿಸಿದ್ದಾನೆ. ಪದಕ ಕೊಡುವ ಸಭೆಯವರು ಎಲ್ಲ ದೇಶಗಳ ಗುರುಗಳಿಗೂ ಪತ್ರ ಹಾಕಿದ್ದಾರೆ. ನಿಮ್ಮ ಒಪ್ಪಿಗೆ ಉಂಟೋ ಇಲ್ಲವೋ, ಒಂದು ಸಾಲು ಬರೆದು ಕಳಿಸಿ ಅಂತ.”

“ಬರಿ.”

“ಏನಂತ ಬರೆಯಲಿ? ಬೆಳಗಿನಿಂದ ಮೂರು ಸಲ ಒಪ್ಪಿಗೆ ಎಂದು ಬರೆದು ಹರಿದೆ. ಎರಡು ಸಲ ಒಪ್ಪಿಗೆಯಿಲ್ಲ ಎಂದು ಬರೆದೆ. ಅದನ್ನೂ ಹರಿದೆ.”

“ಕಾಗದ ದಂಡ.”

“ಯುದ್ಧ ಶುರು ಮಾಡಿದವನೂ ಅವನೇ. ಆದರೆ ಈಗ ಅಲ್ಲಿ ಯಾರೂ ಸಾಯುತ್ತಿಲ್ಲ ಅನ್ನುವುದೂ ನಿಜ. ಒಂದನ್ನು ಬರೆದರೆ ಇನ್ನೊಂದು ಬಂದು ಕೈ ಹಿಡಿಯುತ್ತದೆ. ಟಪಾಲಿನವನು ಮಧ್ಯಾಹ್ನ ಬರುತ್ತಾನೆ. ನೀವೇ ಹೇಳಿಬಿಡಿ, ಬುದ್ಧೀ.”

ಗುರು ಸೂಜಿಯನ್ನು ಅವನ ಮುಂದೆ ಹಿಡಿದರು.

“ದಾರ ಪೋಣಿಸು. ನನಗೆ ಕಣ್ಣು ಕಾಣದು.”

ಮುರಿಗೆಯ್ಯ ಪೋಣಿಸಿ ಕೊಟ್ಟ. ಗುರು ಒಂದು ಹೊಲಿಗೆ ಹಾಕಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನ ಹತ್ತಿರ ಒಂದು ಹಾಯುವ ಹೋರಿ ಇತ್ತು. ಹಾಯುತ್ತದೆ ಎಂದು ಗೊತ್ತಿದ್ದೇ ತಂದದ್ದು. ಕಟ್ಟುತ್ತಿರಲಿಲ್ಲ. ಯಾವ ಕೇರಿಯವರು ಅವನಿಗೆ ಎದುರು ಮಾತಾಡಿದರೋ ಮರುದಿನ ಆ ಕೇರಿಯಲ್ಲಿ ಹೋರಿ ಕಾಣಿಸಿಕೊಳ್ಳುತ್ತಿತ್ತು. ಯಾರಾದರೂ ಕೇಳಿದರೆ, “ಮೂಕ ಪ್ರಾಣಿ, ಅದಕ್ಕೇನು ತಿಳಿಯುತ್ತೆ” ಅನ್ನುತ್ತಿದ್ದ. ಮೂರು ವರ್ಷದಲ್ಲಿ ಇಬ್ಬರು ಕುಂಟರಾದರು. ಒಬ್ಬ ಸತ್ತ.

ಸತ್ತವನ ಹೆಂಡತಿ ನೂಲು ತೆಗೆದು ಬಾಳುವವಳು. ಅವಳಿಗೆ ಆರು ವರ್ಷದ ಒಬ್ಬ ಮಗಳು. ಗಂಡ ಹೋದ ದಿನದಿಂದ ಮಗಳನ್ನು ಒಂಟಿಯಾಗಿ ಹೊಸಿಲು ದಾಟಲು ಬಿಟ್ಟಿರಲಿಲ್ಲ.

ಅದೇ ಊರಿನಲ್ಲಿ ಒಬ್ಬ ಮುದುಕ ದನಗಾಹಿ ಇದ್ದ. ಮೂರು ವರ್ಷವೂ ದಿನ ಬೆಳಗಾದರೆ ಬಾವಿಯ ಹತ್ತಿರ ಕೋಲು ಹಿಡಿದು ನಿಲ್ಲುತ್ತಿದ್ದ. ಹೋರಿ ಬಂದರೆ ಕೂಗು ಹಾಕುತ್ತಿದ್ದ. ಹೆಂಗಸರು ಕೊಡ ಬಿಟ್ಟು ಓಡುತ್ತಿದ್ದರು. ಅವನ ಕೂಗಿನಿಂದ ಎಷ್ಟು ಜನ ಉಳಿದರೋ ಯಾರಿಗೂ ಗೊತ್ತಿಲ್ಲ. ಸತ್ತವರನ್ನು ಎಣಿಸುತ್ತಾರೆ, ಉಳಿದವರನ್ನು ಎಣಿಸುವ ಪದ್ಧತಿ ಆ ಊರಿನಲ್ಲಿಯೂ ಇರಲಿಲ್ಲ.

ಒಂದು ದಿನ ರೈತ ಹೋರಿಯನ್ನು ಕಟ್ಟಿದ.

ಯಾಕೆ ಕಟ್ಟಿದನೋ ತಿಳಿಯಲಿಲ್ಲ. ಹೆಂಡತಿ ಬೈದಳು ಅಂದರು ಕೆಲವರು. ಹೋರಿಗೆ ಮುಪ್ಪು ಬಂತು ಅಂದರು ಕೆಲವರು. “ಅವನಿಗೇ ಹಿಂದಿನಿಂದ ಹಾಯ್ತಂತೆ ಕಣ್ರೋ. ಮೂರು ದಿನದಿಂದ ನಿಂತೇ ಉಣ್ತಾನೆ” ಅಂದ ಕ್ಷೌರದವನು. ಜನ ನಕ್ಕರು. ಮೂರು ವರ್ಷದಲ್ಲಿ ಬೀದಿಯಲ್ಲಿ ನಿಂತು ನಕ್ಕದ್ದು ಅದೇ ಮೊದಲು.

ಊರ ಹಿರಿಯ ಜನರನ್ನು ಸೇರಿಸಿದ. ಈ ರೈತನಿಗೆ ಊರ ಶಾಲು ಹೊದಿಸೋಣ ಅಂದ.

ಊರ ಶಾಲು ಅಂದರೆ ಅಂಗಡಿಯಿಂದ ತರುವುದಲ್ಲ. ಪ್ರತಿ ಮನೆಯಿಂದ ಒಂದು ಲಡಿ ನೂಲು ಬರಬೇಕು. ಎಲ್ಲ ಮನೆಯ ನೂಲು ಸೇರಿಸಿ ನೇಯಬೇಕು. ಒಂದು ಮನೆಯ ಲಡಿ ತಪ್ಪಿದರೂ ನೇಕಾರ ಮಗ್ಗಕ್ಕೆ ಏರಿಸುತ್ತಿರಲಿಲ್ಲ. ಹಿಂದಿನ ಶಾಲು ನೇಯ್ದು ಹನ್ನೆರಡು ವರ್ಷವಾಗಿತ್ತು. ಅದನ್ನು ಹೊದ್ದವಳು ಒಬ್ಬ ಸೂಲಗಿತ್ತಿ.

ಲಡಿಗಳು ಬಂದವು. ಕುಂಟರಲ್ಲಿ ಒಬ್ಬ ಎರಡು ಕೊಟ್ಟ. “ಮನೆಗೆ ಒಂದು, ಉಳಿದ ಕಾಲಿಗೆ ಒಂದು” ಅಂದ. ಇನ್ನೊಂದು ಕೇರಿಯವನೊಬ್ಬ ಶಾಲಿನ ಸುದ್ದಿ ಕೇಳಿ ಸಂತೆಗೆ ಹೋಗಿ, ಹಾಯುವ ಹೋರಿ ಸಿಗುತ್ತದೆಯೇ ಎಂದು ವಿಚಾರಿಸಿದ. ಉಳೋಕೋ ಬಂಡಿಗೋ ಎಂದು ದಲ್ಲಾಳಿ ಕೇಳಿದ. “ಎರಡಕ್ಕೂ ಅಲ್ಲ. ಮುಂದೆ ಕಟ್ಟಿಹಾಕೋಕೆ” ಅಂದನಂತೆ.

ನೂಲುವವಳ ಮನೆಯ ಲಡಿ ಮಾತ್ರ ಬರಲಿಲ್ಲ. ಹಿರಿಯ ತಾನೇ ಅವಳ ಬಾಗಿಲಿಗೆ ಹೋದ.

“ಒಂದು ಲಡಿ ತಾಯೀ. ಊರು ಕೊಟ್ಟಿರೋ ನೂಲಲ್ಲಿ ಅರ್ಧ ನೀನೇ ತೆಗೆದಿದ್ದು. ಇನ್ನೊಂದಕ್ಕೆ ಯಾಕೆ ಹಟ?”

“ಅದು ಕೂಲಿಗೆ ತೆಗೆದಿದ್ದು ಅಜ್ಜಾ. ಇದು ಕೊಡೋದು.”

“ಹೋರಿ ಕಟ್ಟಿದಾನಲ್ಲ.”

“ಕಟ್ಟಿದ್ದಕ್ಕೆ ಶಾಲು. ಬಿಟ್ಟಿದ್ದಕ್ಕೆ ಏನು?”

ಹಿರಿಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. “ಬಿಟ್ಟಿದ್ದನ್ನ ಕೇಳೋಕೆ ಹೋದ್ರೆ ಮತ್ತೆ ಬಿಡ್ತಾನೆ. ನನಗೂ ಬಾಯಿದೆ ತಾಯೀ. ಮೊಮ್ಮಕ್ಕಳೂ ಇದಾರೆ.”

“ಹಂಗಾದ್ರೆ ಇದು ಮರ್ಯಾದೆ ಅಲ್ಲ. ಹೆದರಿಕೆ.”

“ಏನಾದ್ರೂ ಅನ್ಕೋ. ಹೋರಿ ಗೂಟದಲ್ಲಿದೆ.”

“ಆ ದನ ಕಾಯೋ ಅಜ್ಜನಿಗೆ ಯಾಕೆ ಹೊದಿಸಬಾರದು?”

“ಅವನ ಹತ್ರ ಹೋರಿ ಎಲ್ಲಿದೆ, ಕಟ್ಟೋಕೆ?”

ಹಿರಿಯ ತಮಾಷೆಗೆ ಹೇಳಲಿಲ್ಲ. ಅವಳೂ ನಗಲಿಲ್ಲ. ಮಾತು ಸರಿಯಾಗಿಯೇ ಇತ್ತು. ಅದೇ ಅವಳಿಗೆ ಕಷ್ಟವಾಯಿತು. ನಾಳೆ ಹೇಳುತ್ತೇನೆ ಅಂದಳು.

ಹಿರಿಯ ಹೋದ ಮೇಲೆ ರಾಟೆಯ ಮುಂದೆ ಕೂತಳು. ನೂಲು ಎರಡು ಸಲ ತುಂಡಾಯಿತು. ಕೊಟ್ಟರೆ ಸತ್ತವನಿಗೆ ದ್ರೋಹ. ಕೊಡದಿದ್ದರೆ ಇರುವ ಮಗಳಿಗೆ. ಇಷ್ಟರಲ್ಲಿ ಮನೆ ಸದ್ದಿಲ್ಲದಿರುವುದು ಗಮನಕ್ಕೆ ಬಂತು. ಮಗಳು ಇರಲಿಲ್ಲ.

ಎದ್ದು ಓಡಿದಳು. ಮಗಳು ಬೀದಿಯ ತುದಿಯಿಂದ ಬರುತ್ತಿದ್ದಳು. ಕೈಯಲ್ಲಿ ಚಿಕ್ಕ ಕೊಡ. ಅರ್ಧ ನೀರು ಮೈಮೇಲೆ, ಅರ್ಧ ಕೊಡದಲ್ಲಿ.

“ಅವ್ವಾ, ನಾನೊಬ್ಬಳೇ ಬಾವಿಗೆ ಹೋಗಿದ್ದೆ. ಆ ಅಜ್ಜ ಸೇದಿಕೊಟ್ಟ. ಬರ್ತಾ ಹೋರಿ ನೋಡ್ದೆ. ಅದಕ್ಕೆ ಹಗ್ಗ ಕಟ್ಟಿದಾರೆ.”

ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಮಗಳನ್ನು ಮನೆಯಲ್ಲಿ ಬಿಟ್ಟು, ನೆಟ್ಟಗೆ ರೈತನ ಕೊಟ್ಟಿಗೆಗೆ ನಡೆದಳು.

ಹೋರಿ ಗೂಟದಲ್ಲಿ ಇತ್ತು. ಹಗ್ಗ ದಪ್ಪದ್ದೇ. ಆದರೆ ಗಂಟು ನೋಡಿದಳು. ದಾರದ ಜೊತೆ ಬಾಳುವವರ ಕಣ್ಣು ಗಂಟಿನ ಮೇಲೆಯೇ ಹೋಗುತ್ತದೆ. ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುವ ಗಂಟು. ತುದಿ ರೈತ ಕೂರುವ ಕಟ್ಟೆಯವರೆಗೂ ಬಂದಿತ್ತು.

ಕಟ್ಟೆಯ ಮೇಲೆ ಕೂತಿದ್ದ ರೈತ ಅವಳ ನೋಟ ಕಂಡ.

“ಗಂಟು ನೋಡಬೇಡ ತಂಗಿ. ಅದನ್ನ ಹಿಡಿದಿರೋದು ಹಗ್ಗ ಅಲ್ಲ. ನನ್ನ ಮಾತು.”

ಅವಳು ಮನೆಗೆ ಬಂದು ಬಾಗಿಲು ಹಾಕಿಕೊಂಡಳು.

ಮರುದಿನ ಅವಳೇ ಊರ ಕಟ್ಟೆಗೆ ಬಂದಳು. ಜನ ಸೇರಿದ್ದರು, ರೈತನೂ ಇದ್ದ. ಅವಳ ಕೈಯಲ್ಲಿದ್ದದ್ದು ಲಡಿಯಲ್ಲ, ಒಂದು ಹುರಿ. ಒಂದು ಲಡಿ ನೂಲನ್ನೇ ಹೊಸೆದು ಹೊಸೆದು ಮಾಡಿದ್ದು. ಕಿರುಬೆರಳಿಗಿಂತ ಸಣ್ಣದು.

ಹಿರಿಯ ಗಾಬರಿಯಾದ. “ಇದೇನು ತಾಯೀ? ಇದು ಶಾಲಿಗೆ ಬರಲ್ಲ.”

“ಶಾಲಿಗಲ್ಲ ಅಜ್ಜಾ. ಹೋರಿಗೆ. ಆ ದಪ್ಪ ಹಗ್ಗ ಬಿಚ್ಚಿ ಇದರಲ್ಲಿ ಕಟ್ಟಲಿ. ಹಿಡಿದಿರೋದು ತನ್ನ ಮಾತು ಅಂದನಲ್ಲ, ಮಾತಿಗೆ ಇಷ್ಟು ಸಾಕು. ಒಂದು ವರ್ಷ ಇದು ಹರಿಯದೆ ಇರಲಿ. ಆಮೇಲೆ ನಾನೇ ಇದನ್ನ ಬಿಡಿಸಿ, ಎಳೆ ಎಳೆ ಮಾಡಿ, ಶಾಲಿಗೆ ಕೊಡ್ತೀನಿ.”

ಜನ ರೈತನ ಕಡೆ ತಿರುಗಿದರು. ರೈತನ ಮುಖ ಕೆಂಪಾಯಿತು. ಇಲ್ಲ ಅಂದರೆ ಮಾತು ಹೋಗುತ್ತದೆ. ಹೂಂ ಅಂದರೆ ಒಂದು ವರ್ಷ ಹೋಗುತ್ತದೆ. ಆಮೇಲೆ ಕೈ ಚಾಚಿ ಹುರಿ ತೆಗೆದುಕೊಂಡ.

ಕಟ್ಟಿದ.

ಆ ಹುರಿಗೆ ಕರುವೂ ನಿಲ್ಲುವುದಿಲ್ಲ, ಹೋರಿ ನಿಲ್ಲುತ್ತದೆಯೇ? ಅದು ತಲೆ ಕೊಡವಿದರೆ ರೈತ ಓಡಿ ಬಂದು ಕೊರಳು ಹಿಡಿಯಬೇಕಾಯಿತು. ಮೇವು, ನೀರು ತಾನೇ ಹಾಕಬೇಕಾಯಿತು. ಬೇರೆ ಕೇರಿಯವರ ಜೊತೆ ಜಗಳ ಮಾಡಲು ಅವನಿಗೆ ಪುರಸೊತ್ತು ಇಲ್ಲವಾಯಿತು. ಹುರಿ ಸವೆದ ಕಡೆ ನೂಲುವವಳೇ ಹೋಗಿ ನೋಡುತ್ತಿದ್ದಳು. ಗಂಡನನ್ನು ಕೊಂದ ಹೋರಿಯ ಕೊರಳ ಹತ್ತಿರ ಕೈ ಇಟ್ಟು ಎಳೆ ಸೇರಿಸಿ ಬರುತ್ತಿದ್ದಳು. ರೈತನಿಗೂ ಅವಳಿಗೂ ಮಾತಿರಲಿಲ್ಲ.

ಊರಿಗೆ ಇದು ಏನೆಂದು ತಿಳಿಯಲಿಲ್ಲ. ಅವನಿಗೆ ಅವಮಾನ ಮಾಡಿದಳು ಅಂದರು. ಅಲ್ಲ, ಅವನನ್ನು ದೊಡ್ಡವನು ಮಾಡಿದಳು ಅಂದರು. ಅವನಿಗೆ ಸಹಾಯ ಮಾಡುತ್ತಾಳೆ, ಗಂಡನನ್ನು ಮರೆತಳು ಎಂದು ಬೈದವರೂ ಇದ್ದರು. ಹೋರಿ ಹುಡುಕಲು ಸಂತೆಗೆ ಹೋಗಿದ್ದವನು ಬರಿಗೈಯಲ್ಲಿ ವಾಪಸು ಬಂದ. ದನಗಾಹಿ ಮಾತ್ರ ಬಾವಿಯ ಹತ್ತಿರ ಕೋಲು ಹಿಡಿದು ನಿಲ್ಲುವುದನ್ನು ಬಿಡಲಿಲ್ಲ. ಊರಿನ ಲಡಿಗಳು ಹಿರಿಯನ ಅಟ್ಟದ ಮೇಲೆ ಇದ್ದವು.

ಗುರು ನಿಲ್ಲಿಸಿದರು. ಜೋಳಿಗೆ ಮಗುಚಿ ಇನ್ನೊಂದು ಹರುಕು ಹುಡುಕಿದರು.

ಮುರಿಗೆಯ್ಯ ಕಾಯ್ದ. ಕತೆ ಮುಂದೆ ಹೋಗಲಿಲ್ಲ.

“ಹಾಗಾದರೆ ಪದಕ ಕೊಡಬಾರದು ಎಂದು ಬರೆಯಲೇ, ಬುದ್ಧೀ?”

“ಹಾಗೆ ಹೇಳಿದೆನೇ?”

“ಹಾಗಾದರೆ ಕೊಡಬಹುದು ಎಂದೇ?”

“ಹಾಗೆ ಹೇಳಿದೆನೇ?”

ಮುರಿಗೆಯ್ಯ ಕಾಗದ ನೋಡಿದ. ಕೇಳುವ ಮೊದಲು ಅವನ ತಲೆಯಲ್ಲಿ ಎರಡು ಉತ್ತರಗಳಿದ್ದವು. ಈಗ ಒಂದೂ ಇರಲಿಲ್ಲ. ನೂಲುವವಳು ಗೆದ್ದಳೋ ಸೋತಳೋ ಅದೂ ಗೊತ್ತಾಗಲಿಲ್ಲ. ಹೊರಗೆ ಟಪಾಲಿನವನ ಸೈಕಲ್ ಗಂಟೆ ಕೇಳಿಸಿತು. ಅವನು ಲೇಖನಿ ಎತ್ತಿಕೊಂಡು ಅವಸರದಲ್ಲಿ ಕೇಳಿದ.

“ಇದೊಂದು ಹೇಳಿಬಿಡಿ, ಬುದ್ಧೀ. ವರ್ಷ ತುಂಬಿದ ಮೇಲೆ ಅವನಿಗೆ ಆ ಶಾಲು ಹೊದಿಸಿದರೋ ಇಲ್ಲವೋ?”

ಗುರು ಹಲ್ಲಿನಲ್ಲಿ ದಾರ ಕಡಿದರು.

“ಆ ವರ್ಷ ಇನ್ನೂ ತುಂಬಿಲ್ಲ.”