ಹೂಬಯಲಿಗೆ ಬಿದ್ದ ದಾರಿ

ಒಂದು ಕಾಡಿನಲ್ಲಿ ಮರಗಳೇ ಇಲ್ಲದ ಬಯಲೊಂದಿತ್ತು. ವಸಂತ ಬಂತೆಂದರೆ ಹದಿನೈದು ದಿನ ಅಲ್ಲಿ ಹೂವೋ ಹೂವು. ಬಂದವರು ಅಂಚಿನ ಬಂಡೆಯ ಮೇಲೆ ನಿಂತೇ ನೋಡಬೇಕು, ಬೀಜ ಉದುರುವವರೆಗೆ ಯಾರೂ ಒಳಗೆ ಕಾಲಿಡಬಾರದು ಎಂಬುದು ಕಾಡಿನ ಕಟ್ಟಳೆ. ಕಾವಲಿಗೆ ಗೌಜಲಹಕ್ಕಿ ಇತ್ತು. ಆ ಬೀಜ ತಿಂದೇ ಅದರ ಮರಿಗಳು ಬೆಳೆಯಬೇಕು. ಅದಕ್ಕಿಂತ ಒಳ್ಳೆಯ ಕಾವಲು ಇನ್ನೆಲ್ಲಿ ಸಿಕ್ಕೀತು?

ಆ ಕಾಡಿನ ನರಿಗೆ ಮೈ ಬಗ್ಗಿಸಿ ದುಡಿದು ಗೊತ್ತಿಲ್ಲ. ಹೂವಿನ ನಡುವೆ ಓಡಾಡಿಸುತ್ತೇನೆಂದು ದೂರದ ಪ್ರಾಣಿಗಳಿಗೆ ಆಸೆ ಹಚ್ಚಿ, ಅವು ತರುವ ತಿಂಡಿಯಲ್ಲಿ ಹೊಟ್ಟೆ ಹೊರೆಯುವ ಯೋಚನೆ ಅದರದು. ಗೌಜಲಹಕ್ಕಿಯನ್ನು ಹೆದರಿಸಿದರೆ ಕೂಗಿ ಕಾಡನ್ನೆಲ್ಲ ಸೇರಿಸುತ್ತದೆ. ಅದಕ್ಕೇ ಕಣ್ಣು ಮಂಜಾದ ಮುದಿ ಜಿಂಕೆಯೊಂದನ್ನು ಕರೆತಂದಿತು.

"ಗೌಜಲಕ್ಕ, ಈ ಅಜ್ಜಿಗೆ ಬಂಡೆಯಿಂದ ಏನೂ ಕಾಣಿಸುವುದಿಲ್ಲ. ಇದೇ ಕೊನೆಯ ವಸಂತವೋ ಏನೋ. ಒಂದು ಸಲ ಒಳಗೆ ಬಿಡು."

ಗೌಜಲಹಕ್ಕಿಯ ಕರುಳು ಚುರ್ ಎಂದಿತು. ಬಿಟ್ಟಿತು. ಅಜ್ಜಿ ನಡುವಿನವರೆಗೆ ಹೋಗಿ, ಹೂವಿಗೆ ಮೂತಿ ಒತ್ತಿ, ಕಣ್ಣೀರು ಹಾಕಿ ಬಂದಳು. ಪಾಪ, ಅವಳದೇನೂ ತಪ್ಪಿಲ್ಲ.

ಆದರೆ ಅವಳು ನಡೆದಲ್ಲಿ ದಾರಿ ಬಿತ್ತು. ಮರುದಿನ ನರಿ ಹತ್ತು ಪ್ರಾಣಿಗಳೊಂದಿಗೆ ಬಂದು, ಇರುವ ದಾರಿಯಲ್ಲಿ ನಡೆದರೆ ನಷ್ಟವೇನು ಎಂದು ಕೇಳಿತು. ಗೌಜಲಹಕ್ಕಿ ರೆಕ್ಕೆ ಬಿಚ್ಚಿ ಅಡ್ಡ ನಿಂತಿತು. ಅಜ್ಜಿಗೊಂದು ನ್ಯಾಯ, ನಮಗೊಂದು ನ್ಯಾಯವೇ ಎಂದು ಬಂದವರು ರೇಗಿದರು. ಅದು ರೆಕ್ಕೆ ಮಡಚಿ ದಾರಿ ಬಿಟ್ಟಿತು.

ತುಳಿದ ಹೂವು ಯಾರಿಗೆ ಬೇಕು? ಒಬ್ಬೊಬ್ಬರೂ ಒಂದೊಂದು ಹೆಜ್ಜೆ ಪಕ್ಕಕ್ಕೆ ಸರಿದರು. ಹಂದಿಗಳಂತೂ ಹೊರಳಾಡಿಬಿಟ್ಟವು. ಬೀಜ ಕಟ್ಟುವ ಮೊದಲೇ ಬಯಲು ನೆಲಕಚ್ಚಿತು. ತಿನ್ನಲು ಬೀಜವಿಲ್ಲದೆ ಗೌಜಲಹಕ್ಕಿಯ ಮರಿಗಳು ಒಂದೊಂದಾಗಿ ಸತ್ತವು. ಹೇಳುವುದಕ್ಕೇ ಸಂಕಟವಾಗುತ್ತದೆ.

ಮುಂದಿನ ವಸಂತದಲ್ಲಿ ನರಿ ಬಯಲನ್ನು ನೋಡದೆಯೇ, ಹೂವು ತೋರಿಸುತ್ತೇನೆಂದು ಚಿರತೆಯೊಂದನ್ನು ಕರೆತಂದಿತು. ಅಲ್ಲಿ ಗಟ್ಟಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಮೂರು ದಿನ ನಡೆದು ಬಂದಿದ್ದ ಚಿರತೆ ಒಂದೇ ಏಟಿಗೆ ನರಿಯ ಸೊಂಟ ಮುರಿಯಿತು. ನರಿ ತೆವಳುತ್ತ ಕಾಡು ಬಿಟ್ಟಿತು.

ಮೊಲ ಈ ಸುದ್ದಿ ಹೊತ್ತು ಗೌಜಲಹಕ್ಕಿಯ ಬಳಿ ಓಡಿತು. ಮೋಸಗಾರನಿಗೆ ತಕ್ಕ ಶಾಸ್ತಿಯಾಯಿತೆಂದು ಕುಣಿಯಿತು.

"ಆಯಿತು ಬಿಡಪ್ಪ," ಎಂದಿತು ಗೌಜಲಹಕ್ಕಿ. "ಕೇಳಿದವನು ಅವನು. ಬಿಟ್ಟವಳು ನಾನು. ಅವನ ಸೊಂಟ ಮುರಿದರೆ ನನ್ನ ಮರಿಗಳು ಬರುತ್ತವೆಯೇ?"

ಮೊಲ ಕುಣಿಯುವುದನ್ನು ನಿಲ್ಲಿಸಿತು.

ನೀತಿ: ಎಲ್ಲರ ಒಳಿತಿಗಾಗಿ ಮಾಡಿದ ಕಟ್ಟಳೆಯನ್ನು ಒಬ್ಬರಿಗಾಗಿಯೂ ಸಡಿಲಿಸಬಾರದು, ಮೋಸಗಾರನಿಗೆ ಶಿಕ್ಷೆಯಾದರೂ ಹಾಳಾದದ್ದು ಮರಳಿ ಬರುವುದಿಲ್ಲ.